ತಿಂಡಿ ಆಯ್ತಾ ಎಂದು ಕೇಳಿದ ತಪ್ಪು

ಕಳೆದ ತಿಂಗಳು ನನ್ನ ಅಕ್ಕನ ಮೊಮ್ಮಗಳು ನಿಶಾ ಟೆಕ್ಸಾಸಿನಿಂದ ಫೋನ್ ಮಾಡಿದಳು. ಅಲ್ಲಿ ಆಂಬುಲೆನ್ಸ್ ಕೆಲಸದ ಲೈಸೆನ್ಸ್ ಪಡೆದಿದ್ದಾಳೆ. ಈಗ ಕ್ಯಾಲಿಫೋರ್ನಿಯಾಕ್ಕೆ ಬರುವ ಯೋಚನೆ. ‘ತಾತ, ಲೈಸೆನ್ಸ್ ಟ್ರಾನ್ಸ್‌ಫರ್ ಮಾಡೋದು ಹಾರ್ಡಾ?’ ಎಂದು ಕೇಳಿದಳು. ನಾನು ನ್ಯೂಜೆರ್ಸಿಯಿಂದ ಶುರು ಮಾಡಿದೆ. ಹತ್ತು ನಿಮಿಷ ಹೂಂಗುಟ್ಟಿದಳು. ಆಮೇಲೆ, ‘ತಾತ, ಕ್ಯಾನ್ ಯು ಜಸ್ಟ್ ರೈಟ್ ಇಟ್ ಡೌನ್?’ ಅಂದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಅವಳ ಅಮ್ಮ ಓದಿ ಹೇಳಲಿ ಎಂದು ಬರೆಯುತ್ತಿದ್ದೇನೆ. ನಿಯಮಗಳೆಲ್ಲ ಈಗ ಬದಲಾಗಿವೆ. ಅವನ್ನು ಅವಳು ಇಂಟರ್‌ನೆಟ್ಟಿನಲ್ಲಿ ನೋಡಿಕೊಳ್ಳಲಿ. ಅಲ್ಲಿ ಸಿಗದದ್ದಷ್ಟೇ ಇಲ್ಲಿದೆ.

ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆಂಬುಲೆನ್ಸಿನ ಹಿಂಭಾಗದಲ್ಲಿ ಕೂತು ಅನ್ನ ತಿಂದವನು. ಡಾಕ್ಟರಲ್ಲ, ನರ್ಸಲ್ಲ. ಪ್ಯಾರಾಮೆಡಿಕ್ ಎಂಬ ದೊಡ್ಡ ಹೆಸರಿನವನೂ ಅಲ್ಲ. ಅವರಿಗಿಂತ ಒಂದು ಮೆಟ್ಟಿಲು ಕೆಳಗಿನ ಇ.ಎಂ.ಟಿ. ರೋಗಿಯನ್ನು ಎತ್ತಬೇಕು, ಇಳಿಸಬೇಕು, ಉಸಿರು ನಾಡಿ ನೋಡಬೇಕು, ಆಮ್ಲಜನಕ ಕೊಡಬೇಕು, ರಕ್ತ ಬಂದರೆ ಕಟ್ಟಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಪ್ರಶ್ನೆ ಕೇಳಬೇಕು. ಈ ಕೊನೆಯ ಕೆಲಸ ಸುಲಭ ಎಂದು ನಾನು ಬಹಳ ದಿನ ಅಂದುಕೊಂಡಿದ್ದೆ.

ನ್ಯೂಜೆರ್ಸಿಯಲ್ಲಿ ಭಾವನ ಮೋಟೆಲಿನ ಕೌಂಟರಿನಲ್ಲಿ ಕೂತಿರುತ್ತಿದ್ದೆ. ಒಂದು ಬೆಳಿಗ್ಗೆ ಅತಿಥಿಯೊಬ್ಬರು ನನ್ನ ಕಣ್ಣೆದುರೇ ಕುಸಿದರು. ಫೋನ್ ಮಾಡಿದ ಕೆಲವೇ ನಿಮಿಷದಲ್ಲಿ ಸ್ವಯಂಸೇವಕರ ಆಂಬುಲೆನ್ಸ್ ಬಂತು. ಬಂದವರಲ್ಲಿ ಒಬ್ಬ ನಮ್ಮ ಬೀದಿಯ ಪ್ಲಂಬರ್, ಇನ್ನೊಬ್ಬಾಕೆ ಸ್ಕೂಲ್ ಟೀಚರ್. ಅವರು ಆ ಮನುಷ್ಯನನ್ನು ಉಳಿಸಿದರು. ಪ್ಲಂಬರ್ ಮಾಡಬಹುದಾದರೆ ನಾನೇಕೆ ಮಾಡಬಾರದು ಎನ್ನಿಸಿ ಅವರ ತರಗತಿಗೆ ಸೇರಿದೆ. ಪರೀಕ್ಷೆ ಪಾಸಾಗಿ ಕಾರ್ಡ್ ಕೈಗೆ ಬಂದ ದಿನ, ಮದುವೆಯ ದಿನಕ್ಕಿಂತ ಹೆಚ್ಚು ಖುಷಿಪಟ್ಟೆ ಎಂದು ನನ್ನ ಹೆಂಡತಿ ಜಯಂತಿ ಇವತ್ತಿಗೂ ಆಡಿಕೊಳ್ಳುತ್ತಾಳೆ.

ಕ್ಯಾಲಿಫೋರ್ನಿಯಾಕ್ಕೆ ಬಂದದ್ದು ಜಯಂತಿಯ ಕೆಲಸಕ್ಕಾಗಿ. ಡಾಟ್ ಕಾಮ್ ಕಾಲ. ಪ್ಲೆಸೆಂಟನ್ನಿನ ಒಂದು ಕಂಪನಿ ಅವಳನ್ನು ಕರೆಯಿತು. ಗಂಡನೆಂಬವನು ಪೆಟ್ಟಿಗೆ ಹೊತ್ತುಕೊಂಡು ಹಿಂದೆ ಬಂದ. ಆಗ ಬೇ ಏರಿಯಾದ ಕನ್ನಡದವರ ಮನೆಗಳಲ್ಲಿ ಯಾರೇ ಸಿಕ್ಕಿದರೂ ಮೊದಲ ಪ್ರಶ್ನೆ ‘ಯಾವ ಕಂಪನಿ?’ ಎರಡನೆಯದು ಕಂಪನಿ ಕೊಡುವ ಷೇರಿನ, ಅಂದರೆ ಆಪ್ಷನ್ಸಿನ, ಲೆಕ್ಕ. ಸರಟೋಗಾದ ಒಂದು ಮನೆಯಲ್ಲಿ ಗಣೇಶನ ಹಬ್ಬದ ಊಟಕ್ಕೆ ಹೋಗಿದ್ದಾಗ ಒಬ್ಬ ಮಹನೀಯರಿಗೆ ‘ಆಂಬುಲೆನ್ಸು’ ಎಂದೆ.

‘ಓ, ಹೆಲ್ತ್‌ಕೇರ್ ಸ್ಟಾರ್ಟಪ್ಪಾ? ಆಪ್ಷನ್ಸ್ ಎಷ್ಟು ಕೊಟ್ರು?’

‘ಎರಡೇ ಸಾರ್. ಸ್ಟ್ರೆಚರಿನ ತಲೆ ಕಡೆ ಹಿಡೀಬಹುದು, ಇಲ್ಲಾ ಕಾಲು ಕಡೆ ಹಿಡೀಬಹುದು.’

ಅವರು ನಗಲಿಲ್ಲ. ತಟ್ಟೆ ಹಿಡಿದುಕೊಂಡು ಬೇರೆ ಗುಂಪಿಗೆ ಹೋದರು. ಮುಂದೆ ಡಾಟ್ ಕಾಮ್ ಮುಳುಗಿ ಅವರ ಕೆಲಸ ಹೋದಾಗ ಫೋನ್ ಮಾಡಿ, ಆ ಕೋರ್ಸಿಗೆ ಎಷ್ಟು ತಿಂಗಳು ಬೇಕು, ತೂಕ ಎತ್ತಲೇಬೇಕಾ ಎಂದೆಲ್ಲ ವಿಚಾರಿಸಿದರು. ಆಗ ನಾನೂ ನಗಲಿಲ್ಲ. ಗೊತ್ತಿದ್ದಷ್ಟು ಹೇಳಿದೆ.

ಇನ್ನು ಕಾಗದದ ಕಥೆ. ಆಗ ಇಲ್ಲಿ ನಮ್ಮಂಥವರ ಕಾರ್ಡ್ ಕೊಡುತ್ತಿದ್ದದ್ದು ರಾಜ್ಯವಲ್ಲ, ಕೌಂಟಿ. ಅಂದರೆ ನಮ್ಮ ಜಿಲ್ಲೆಯಿದ್ದ ಹಾಗೆ. ಪ್ಲಾಸ್ಟಿಕ್ ಫೈಲು ಹಿಡಿದುಕೊಂಡು ಕೌಂಟಿ ಕಚೇರಿಗೆ ಹೋದೆ. ಕೌಂಟರಿನಲ್ಲಿದ್ದ ಹೆಂಗಸು ಕನ್ನಡಕ ಮೂಗಿನ ತುದಿಗೆ ಇಳಿಸಿ ನನ್ನ ಮೂರು ಕಾಗದಗಳನ್ನು ಸಾಲಾಗಿ ಇಟ್ಟರು. ನ್ಯೂಜೆರ್ಸಿ ಕಾರ್ಡಿನಲ್ಲಿ ನಂಜುಂಡಯ್ಯ ಡಿ.ಪಿ. ಪಾಸ್‌ಪೋರ್ಟಿನಲ್ಲಿ ದುದ್ದ ಪುಟ್ಟಸ್ವಾಮಿ ನಂಜುಂಡಯ್ಯ. ಡ್ರೈವಿಂಗ್ ಲೈಸೆನ್ಸಿನಲ್ಲಿ ಜಾಗ ಸಾಲದೆ ಬರೀ ದುದ್ದ ಪುಟ್ಟಸ್ವಾಮಿ. ಒಂದು ನಮ್ಮೂರು, ಇನ್ನೊಂದು ನಮ್ಮಪ್ಪ. ನಾನೇ ಇರಲಿಲ್ಲ.

‘ಈ ಮೂವರಲ್ಲಿ ಆಂಬುಲೆನ್ಸಿಗೆ ಬರುವವರು ಯಾರು?’ ಎಂದು ಆಕೆ ಕೇಳಿದರು. ನನಗೆ ಸಿಟ್ಟು ಬಂತು. ನಾನು ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡವನು, ಕಾಗದಪತ್ರ ಕಂಡರಂತೂ ಇನ್ನೂ ಬೇಗ ಬರುತ್ತದೆ. ಆದರೆ ಆಕೆಯೇ ಒಂದು ಹಾಳೆಯ ಮೇಲೆ ಏನೇನು ತರಬೇಕೆಂದು ಬರೆದುಕೊಟ್ಟು, ನೋಟರಿಯ ವಿಳಾಸವನ್ನೂ ಹೇಳಿ, ‘ಮೂವರನ್ನೂ ಒಟ್ಟಿಗೆ ಕರ್ಕೊಂಡು ಬನ್ನಿ’ ಎಂದು ನಕ್ಕರು. ಮೂವರೂ ನಾನೇ ಎಂದು ಪ್ರಮಾಣ ಮಾಡಿಸಿಕೊಂಡು ಬಂದೆ. ಅಷ್ಟು ಸಮಾಧಾನದಿಂದ ಆಕೆ ದಾರಿ ತೋರಿಸದಿದ್ದರೆ ನಾನು ಮೋಟೆಲಿಗೇ ವಾಪಸು ಹೋಗಿರುತ್ತಿದ್ದೆ.

ಪರೀಕ್ಷೆಯನ್ನೂ ಪಾಸು ಮಾಡಿದೆ. ಹೇವರ್ಡಿನ ಒಂದು ಸಣ್ಣ ಆಂಬುಲೆನ್ಸ್ ಕಂಪನಿಯಲ್ಲಿ ತಾತ್ಕಾಲಿಕ ಕೆಲಸವೂ ಸಿಕ್ಕಿತು. ಆದರೆ ಒಂದು ಗಂಟು ಉಳಿದಿತ್ತು. ಕಂಪನಿಯ ತರಬೇತುದಾರರು ನನ್ನ ಕೆಲಸವನ್ನು ಎದುರಿಗೇ ಕೂತು ನೋಡಿ, ಒಂದು ಹಾಳೆಗೆ ಸಹಿ ಹಾಕಬೇಕು. ನ್ಯೂಜೆರ್ಸಿ ಕಾರ್ಡಿನ ಅವಧಿ ಮುಗಿಯುವುದರೊಳಗೆ ಆ ಹಾಳೆ ಕೌಂಟಿಗೆ ಸೇರಬೇಕು. ಅವಧಿ ಮುಗಿಯುವುದು ಅಕ್ಟೋಬರ್ ಕೊನೆಗೆ. ತಪ್ಪಿದರೆ ಹಳೆಯ ಕಾರ್ಡೂ ಇಲ್ಲ, ಹೊಸದೂ ಇಲ್ಲ. ಕೋರ್ಸನ್ನು ಮೊದಲಿನಿಂದ ಓದಬೇಕು. ನನಗೆ ಆಗಲೇ ನಲವತ್ತು ದಾಟಿತ್ತು. ಬದುಕಿನಲ್ಲಿ ಮೊದಲ ಸಲ ಇಷ್ಟಪಟ್ಟು ಕಲಿತ ಕೆಲಸ ಅದು.

ಸಹಿ ಹಾಕಬೇಕಾದವರು ಡೊಲೊರೆಸ್. ಫಿಲಿಪ್ಪೀನ್ಸ್ ಮೂಲದ ಮನೆತನದವರು, ಯೂನಿಯನ್ ಸಿಟಿಯಲ್ಲೇ ಹುಟ್ಟಿ ಬೆಳೆದವರು. ನನಗಿಂತ ಐದಾರು ವರ್ಷ ಚಿಕ್ಕವರು, ಆದರೆ ಕೆಲಸದಲ್ಲಿ ಅಜ್ಜಿ. ಅವರ ಇಂಗ್ಲಿಷನ್ನು ನನ್ನ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಂಜುಂಡಯ್ಯ ಎನ್ನಲು ನಾಲಿಗೆ ತಿರುಗದೆ ಅವರು ನನ್ನನ್ನು ‘ನಂಜು’ ಎಂದು ಕರೆಯುತ್ತಿದ್ದರು. ರೋಗಿಯ ಹುಣ್ಣಿನ ಹತ್ತಿರ ಬಗ್ಗಿದ್ದಾಗ ಯಾರಾದರೂ ‘ನಂಜು, ನಂಜು’ ಎಂದು ಕೂಗಿದರೆ ಕನ್ನಡದವರ ಎದೆ ಒಡೆಯುವುದಿಲ್ಲವೇ? ವಿವರಿಸಲು ಹೋಗಲಿಲ್ಲ.

ಮೊದಲ ವಾರವೇ ಅವರ ಕೈಲಿ ಬೈಸಿಕೊಂಡೆ. ಆಗ ದಾರಿ ತೋರಿಸುವ ಫೋನುಗಳಿರಲಿಲ್ಲ. ದಪ್ಪ ನಕ್ಷೆ ಪುಸ್ತಕವನ್ನು ತೊಡೆಯ ಮೇಲೆ ಹರಡಿಕೊಂಡು ಹೋಗಬೇಕಿತ್ತು. ಆಸ್ಪತ್ರೆಯಿಂದ ಮನೆಗೆ ಮರಳುತ್ತಿದ್ದ ಒಬ್ಬ ಮುದುಕರನ್ನು ಪ್ಲೆಸೆಂಟನ್ನಿಗೆ ಬಿಡಬೇಕಾಗಿತ್ತು. ನಾನು ಪುಟ ತಪ್ಪಾಗಿ ತೆಗೆದು ಪ್ಲೆಸೆಂಟ್ ಹಿಲ್ ಎಂಬ ಇನ್ನೊಂದು ಊರಿಗೆ ದಾರಿ ಹೇಳಿದೆ. ಎರಡೂ ಒಂದೇ ಫ್ರೀವೇಯ ಮೇಲಿವೆ, ಆದರೆ ಒಂದು ದಕ್ಷಿಣಕ್ಕೆ, ಇನ್ನೊಂದು ಉತ್ತರಕ್ಕೆ. ಆ ವರ್ಷಗಳ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ಸುತ್ತಿದೆವು. ಮುದುಕರು ಬೇಸರ ಮಾಡಿಕೊಳ್ಳಲಿಲ್ಲ. ಬಹಳ ದಿನದ ಮೇಲೆ ಗುಡ್ಡ ನೋಡಿದೆ ಎಂದರು. ಡೊಲೊರೆಸ್ ಮಾತ್ರ ಬಿಡಲಿಲ್ಲ.

‘ನಲವತ್ತು ವರ್ಷದಿಂದ ಆ ಮನೆಯಲ್ಲಿರೋ ಮನುಷ್ಯ ನಿನ್ನ ಪಕ್ಕದಲ್ಲೇ ಮಲಗಿದ್ದಾನೆ. ಅವನನ್ನ ಕೇಳೋದಕ್ಕೆ ಏನಾಗಿತ್ತು?’

ಅಂದಿನಿಂದ ಎಲ್ಲವನ್ನೂ ಕೇಳತೊಡಗಿದೆ. ಕೇಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಸಣ್ಣ ಜಂಬವೂ ಬಂತು.

ಅಕ್ಟೋಬರ್ ಮಧ್ಯದ ಒಂದು ಬೆಳಿಗ್ಗೆ ಪ್ಲೆಸೆಂಟನ್ನಿನ ಒಂದು ಮನೆಗೆ ಹೋಗಬೇಕಾಯಿತು. ಸಕ್ಕರೆ ಕಾಯಿಲೆಯಿದ್ದ ಹಿರಿಯ ಹೆಂಗಸು, ಕಾಲಿನಲ್ಲಿ ಗಾಯ, ಮೆಟ್ಟಿಲಿಳಿಯಲಾರರು. ಗಾಯಕ್ಕೆ ಪಟ್ಟಿ ಬದಲಿಸಲು ಕ್ಲಿನಿಕ್ಕಿಗೆ ಕರೆದೊಯ್ಯುವುದು. ತುರ್ತೇನೂ ಇರಲಿಲ್ಲ. ಬಾಗಿಲಲ್ಲಿ ರಂಗೋಲಿಯ ಸ್ಟಿಕ್ಕರ್ ಕಂಡಾಗಲೇ ನನ್ನ ಮುಖ ಅರಳಿತು. ಒಳಗೆ ಹೋದರೆ ಪುಟ್ಟಗೌರಮ್ಮ, ಚನ್ನರಾಯಪಟ್ಟಣದ ಕಡೆಯವರು. ಸೊಸೆ ಸುಮಾ ಮಕ್ಕಳನ್ನು ಡೇಕೇರಿಗೆ ಬಿಟ್ಟು ಆಗಷ್ಟೇ ಬಂದಿದ್ದಳು, ಕಾರಿನ ಕೀ ಇನ್ನೂ ಕೈಯಲ್ಲಿತ್ತು.

‘ಇನ್ಸುಲಿನ್ ಏಳು ಗಂಟೆಗೇ ಆಗಿದೆ, ನಮ್ಮನೆಯವರು ಆಫೀಸಿಗೆ ಹೋಗೋಕೆ ಮುಂಚೆ ಕೊಟ್ಟಿದ್ದಾರೆ’ ಎಂದಳು.

ನಾನು ಕೈ ಮುಗಿದೆ. ‘ನಮಸ್ಕಾರ ಅಮ್ಮ, ನಾನು ಮಂಡ್ಯದ ಕಡೆಯವನು. ತಿಂಡಿ ಆಯ್ತಾ?’

‘ಆಯ್ತು ಕಣಪ್ಪ’ ಎಂದರು. ‘ಮಂಡ್ಯದಲ್ಲಿ ಯಾವೂರು?’

ಊರು, ನಂಟರು, ಕಬ್ಬಿನ ಗದ್ದೆ ಎಲ್ಲ ಬಂದುಹೋಯಿತು. ನನಗೋ ಸ್ವರ್ಗಕ್ಕೆ ಮೂರೇ ಗೇಣು. ಸ್ಟ್ರೆಚರಿಗೆ ಮಲಗಿಸಿ, ಹೊದಿಕೆ ಹೊದಿಸಿ, ಹಾಳೆಯಲ್ಲಿ ಕೊನೆಯ ಊಟ ಯಾವಾಗ ಎಂಬ ಕಡೆ ‘ಇಂದು ಬೆಳಿಗ್ಗೆ’ ಎಂದು ಬರೆದೆ.

ಇಲ್ಲಿ ನಿಶಾಳಿಗೆ ಒಂದು ಮಾತು ಹೇಳಬೇಕು. ಈಗ ನಿಮ್ಮ ಕೈಲಿ ಬೆರಳು ಚುಚ್ಚಿ ಸಕ್ಕರೆ ನೋಡುವ ಯಂತ್ರ ಇರುತ್ತದೆ. ನಾನು ಕೆಲಸಕ್ಕೆ ಸೇರಿದಾಗ ನಮ್ಮಂಥವರಿಗೆ ಅದನ್ನು ಮುಟ್ಟುವ ಅಧಿಕಾರ ಇರಲಿಲ್ಲ. ರೋಗಿಯ ರಕ್ತದಲ್ಲಿ ಸಕ್ಕರೆ ಎಷ್ಟಿದೆ ಎಂದು ತಿಳಿಯಲು ನಮಗಿದ್ದದ್ದು ಕಣ್ಣು, ಕೈ ಮತ್ತು ‘ಏನು ತಿಂದಿರಿ’ ಎಂಬ ಪ್ರಶ್ನೆ. ಇನ್ಸುಲಿನ್ ಚುಚ್ಚಿಸಿಕೊಂಡು ತಿನ್ನದೆ ಇದ್ದರೆ ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ, ಪ್ರಜ್ಞೆ ತಪ್ಪುತ್ತದೆ, ಜೀವವೂ ಹೋಗಬಹುದು.

ಫ್ರೀವೇಗೆ ಇಳಿದು ಸ್ವಲ್ಪ ದೂರ ಹೋಗಿದ್ದೆವು. ಹಿಂದೆ ಪುಟ್ಟಗೌರಮ್ಮನ ಪಕ್ಕದಲ್ಲಿ ನಾನು, ತಲೆಯ ಕಡೆ ಡೊಲೊರೆಸ್. ಸುಮಾ ತನ್ನ ಕಾರಿನಲ್ಲಿ ಬರುತ್ತಿದ್ದಳು. ಮಾತಾಡುತ್ತಿದ್ದವರು ಸುಮ್ಮನಾದರು. ಹಣೆಯ ಮೇಲೆ ಬೆವರು ಬಂತು. ಕೈ ನಡುಗಿತು. ನನ್ನನ್ನು ನೋಡಿ, ‘ತಮ್ಮಣ್ಣ, ಎತ್ತು ಕಟ್ಟಿ ಹಾಕಿದ್ಯಾ?’ ಎಂದರು. ನಾನು ತಮ್ಮಣ್ಣನಲ್ಲ. ನಗಿಸಿ ನೋಡಿದೆ, ಬಾಯಿ ಸೊಟ್ಟಗಾಗಲಿಲ್ಲ. ಎರಡೂ ಕೈ ಎತ್ತಿಸಿದೆ, ಎರಡೂ ಸಮವಾಗಿ ನಡುಗಿದವು.

‘ಸ್ಟ್ರೋಕಿನ ಲಕ್ಷಣ ಕಾಣ್ತಿಲ್ಲ’ ಎಂದೆ.

‘ಸಕ್ಕರೆ ಕಾಯಿಲೆಯವರು’ ಎಂದರು ಡೊಲೊರೆಸ್. ‘ತಿಂದಿದ್ದಾರಾ?’

‘ತಿಂದಿದ್ದಾರೆ.’

‘ಏನು ತಿಂದರು?’

ಪುಟ್ಟಗೌರಮ್ಮನ ಕಿವಿಯ ಹತ್ತಿರ ಬಗ್ಗಿ, ‘ಅಮ್ಮ, ಬೆಳಿಗ್ಗೆ ಏನು ತಿಂದ್ರಿ?’ ಎಂದು ಕೇಳಿದೆ. ಎರಡು ಸಲ ಕೇಳಬೇಕಾಯಿತು.

‘ಸ್ನಾನನೇ ಆಗಿಲ್ವಲ್ಲಪ್ಪ’ ಎಂದು ತೊದಲಿದರು. ‘ಹೆಂಗೆ ತಿನ್ನೋದು?’

ನಮ್ಮಮ್ಮನೂ ಹಾಗೆಯೇ, ಸ್ನಾನವಾಗಿ ದೇವರಿಗೆ ದೀಪ ಹಚ್ಚದೆ ಒಂದು ತೊಟ್ಟು ಕಾಫಿ ಕುಡಿದವಳಲ್ಲ. ಯಾರಾದರೂ ಬಾಗಿಲಿಗೆ ಬಂದು ತಿಂಡಿ ಆಯ್ತಾ ಎಂದರೆ ‘ಆಯ್ತು’ ಎನ್ನದೆ ಇದ್ದವಳೂ ಅಲ್ಲ. ಬಂದವರನ್ನು ಕಾಯಿಸಬಾರದು, ತನ್ನ ಹಸಿವನ್ನು ಹೊರಗಿನವರ ಮುಂದೆ ಹೇಳಬಾರದು. ನಾನು ನಮಸ್ಕಾರದ ಜೊತೆ ಕೇಳಿದ್ದೆ, ಅವರು ನಮಸ್ಕಾರದ ಜೊತೆ ಉತ್ತರ ಕೊಟ್ಟಿದ್ದರು. ಅದನ್ನೇ ನಾನು ವೈದ್ಯಕೀಯ ಹಾಳೆಗೆ ಬರೆದಿದ್ದೆ.

ಡೊಲೊರೆಸ್ ಆಗಲೇ ಸಕ್ಕರೆ ಪೇಸ್ಟಿನ ಟ್ಯೂಬ್ ಕೈಗೆ ಕೊಟ್ಟಿದ್ದರು. ನುಂಗುತ್ತಾರೆಂದು ಖಾತ್ರಿ ಮಾಡಿಕೊಂಡು ಕೆನ್ನೆ ಮತ್ತು ವಸಡಿನ ನಡುವೆ ಸ್ವಲ್ಪ ಸ್ವಲ್ಪವಾಗಿ ಹಚ್ಚಿದೆ. ಚಾಲಕ ಸೈರನ್ ಹಾಕಿ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗದ ಕಡೆ ತಿರುಗಿಸಿದ. ಆ ಹತ್ತು ನಿಮಿಷ ಅವರ ಮುಖ ಬಿಟ್ಟು ಬೇರೇನನ್ನೂ ನೋಡಲಿಲ್ಲ. ಆಸ್ಪತ್ರೆಯ ಬಾಗಿಲು ಬರುವ ಹೊತ್ತಿಗೆ ಬೆವರು ಆರಿತ್ತು. ‘ಎಲ್ಲಿಗೆ ಬಂದ್ವಪ್ಪ? ಬಾಯೆಲ್ಲ ಯಾಕೆ ಸಿಹಿ ಸಿಹಿ?’ ಎಂದರು. ನಾನು ಮುಖ ಆ ಕಡೆ ತಿರುಗಿಸಿ ಕಣ್ಣೊರೆಸಿಕೊಂಡೆ.

ಒಳಗಿನ ನರ್ಸ್ ಬೆರಳು ಚುಚ್ಚಿ ನೋಡಿ, ಇನ್ನಷ್ಟು ತಡವಾಗಿದ್ದರೆ ಬಾಯಿಗೆ ಕೊಟ್ಟದ್ದನ್ನು ನುಂಗಲೂ ಆಗುತ್ತಿರಲಿಲ್ಲ ಎಂದರು.

ಆಮೇಲೆ ಆಸ್ಪತ್ರೆಯ ಹೊರಗೆ ಆಂಬುಲೆನ್ಸಿನ ಮೆಟ್ಟಿಲ ಮೇಲೆ ಕೂತು ವರದಿ ಬರೆದೆ. ‘ರೋಗಿಯನ್ನು ಕೇಳಲಾಗಿ, ತಿಂಡಿ ತಿಂದಿರುವುದಾಗಿ ತಿಳಿಸಿದರು.’ ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ನಾನು ಹೇಗೆ ಕೇಳಿದೆ, ಅವರು ಹೇಗೆ ಹೇಳಿದರು ಎಂಬುದು ಕನ್ನಡ ಬಲ್ಲವರಿಗೆ ಮಾತ್ರ ಗೊತ್ತು. ನಮ್ಮ ಕಂಪನಿಯಲ್ಲಿ ಕನ್ನಡ ಬಲ್ಲವನು ನಾನೊಬ್ಬನೇ. ಅಕ್ಟೋಬರ್ ಮುಗಿಯಲು ಎರಡು ವಾರವಷ್ಟೇ ಇತ್ತು. ಡೊಲೊರೆಸ್ ಪಕ್ಕದಲ್ಲಿ ಕಾಫಿ ಹಿಡಿದು ನಿಂತಿದ್ದರು. ಆ ವಾಕ್ಯ ಹಾಗೆಯೇ ಉಳಿದಿದ್ದರೆ ತಪ್ಪೆಲ್ಲ ಪುಟ್ಟಗೌರಮ್ಮನದು. ಸುಳ್ಳು ಹೇಳಿದ ಮುದುಕಿ ಎಂದು ಅವರ ಹೆಸರಿನ ಕೆಳಗೆ ಕೂತುಬಿಡುತ್ತಿತ್ತು.

ಆ ವಾಕ್ಯದ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ನನ್ನ ಹೆಸರಿನ ಮೊದಲಕ್ಷರ ಹಾಕಿ, ಏನು ನಡೆಯಿತೋ ಅದನ್ನು ಬರೆದೆ. ಡೊಲೊರೆಸ್‌ಗೆ ಬಾಯಿಬಿಟ್ಟೂ ಹೇಳಿದೆ. ‘ನಮ್ಮಲ್ಲಿ ಅದು ಪ್ರಶ್ನೆ ಅಲ್ಲ. ಬಂದವರು ಆಡೋ ಮೊದಲನೇ ಮಾತು. ಯಾರೂ ಇಲ್ಲ ಅನ್ನಲ್ಲ. ಅದು ನನಗೆ ಗೊತ್ತಿರಬೇಕಿತ್ತು.’

ಅವರು ಕಾಫಿ ಮುಗಿಸಿದರು.

‘ನಮ್ಮ ಮನೇಲೂ ಇದೇ’ ಎಂದರು. ‘ಬಾಗಿಲು ತೆಗೆದ ಕೂಡಲೇ ಊಟ ಆಯ್ತಾ ಅಂತಾರೆ. ನಮ್ಮಜ್ಜಿ ಹಿಂದಿನ ದಿನದಿಂದ ತಿನ್ನದೇ ಇದ್ರೂ ಆಯ್ತು ಅನ್ನೋಳು. ಅದಕ್ಕೇ ನಾನು ಯಾವ ಮನೆಗೆ ಹೋದ್ರೂ ಅಡುಗೆಮನೆ ಕಡೆ ಒಂದು ಸಲ ನೋಡ್ತೀನಿ. ಸಿಂಕಲ್ಲಿ ತಟ್ಟೆ ಇದೆಯಾ, ಒಲೆ ಮೇಲೆ ಪಾತ್ರೆ ಮುಚ್ಚೇ ಇದೆಯಾ ಅಂತ.’

‘ಇವತ್ತು?’

‘ಇವತ್ತು ನೋಡ್ಲಿಲ್ಲ. ನೀನು ನಿನ್ನ ಭಾಷೇಲಿ ಅಷ್ಟು ಮಾತಾಡ್ತಿದ್ದೆ, ಎಲ್ಲಾ ತಿಳ್ಕೊಂಡಿರ್ತೀಯ ಅಂದ್ಕೊಂಡೆ. ಅದು ನನ್ನ ತಪ್ಪು.’ ವರದಿಗೆ ಅದನ್ನೂ ಒಂದು ಸಾಲಾಗಿ ಸೇರಿಸಿದರು. ಮೇಲಿನವರಾಗಿದ್ದುಕೊಂಡು ತನ್ನ ತಪ್ಪನ್ನು ತಾನೇ ಬರೆದವರನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಆಮೇಲೆಯೂ ಹೆಚ್ಚು ನೋಡಲಿಲ್ಲ.

ಆದರೆ ನನ್ನ ಹಾಳೆಗೆ ಸಹಿ ಹಾಕಲಿಲ್ಲ. ‘ಇನ್ನೂ ನೋಡ್ಬೇಕು’ ಎಂದಷ್ಟೇ ಹೇಳಿದರು.

ಮನೆಗೆ ಬಂದು ಜಯಂತಿಗೆ ಹೇಳಿದೆ. ‘ಸಕ್ಕರೆ ನಾಡಿನವರು ನೀವು, ಸಕ್ಕರೆ ಇಳಿದದ್ದು ಗೊತ್ತಾಗಲಿಲ್ವಾ?’ ಎಂದು ಮೊದಲು ಚುಚ್ಚಿದಳು. ನಾನು ತಲೆ ತಗ್ಗಿಸಿ ಕೂತದ್ದು ನೋಡಿ ಪಕ್ಕ ಬಂದು ಕೂತಳು. ‘ಇದ್ದದ್ದು ಇದ್ದ ಹಾಗೆ ಬರೆದ್ರಲ್ಲ, ಸಾಕು. ಬೇಕಾದ್ರೆ ಇನ್ನೊಂದ್ಸಲ ಕೋರ್ಸು ಮಾಡೋರಂತೆ. ನನ್ನ ಸಂಬಳ ಇದೆ’ ಎಂದಳು. ಆ ಮಾತಿನ ಋಣ ನನ್ನ ಮೇಲೆ ಇನ್ನೂ ಇದೆ.

ಮುಂದಿನ ಎರಡು ವಾರ ನಾನು ಹೋದ ಮನೆಗಳಲ್ಲೆಲ್ಲ ಕಳ್ಳನ ಹಾಗೆ ಅಡುಗೆಮನೆಗೆ ಇಣುಕಿದೆ. ಆಯ್ತಾ ಎಂದು ಯಾರನ್ನೂ ಕೇಳಲಿಲ್ಲ. ಏನು, ಎಷ್ಟು, ಎಷ್ಟು ಗಂಟೆಗೆ ಎಂದೇ ಕೇಳಿದೆ. ಡೊಲೊರೆಸ್ ನೋಡುತ್ತಲೇ ಇದ್ದರು. ಹಾಳೆ ಖಾಲಿಯಾಗಿಯೇ ಇತ್ತು.

ತಿಂಗಳು ಮುಗಿಯಲು ಎರಡು ದಿನವಿದ್ದಾಗ ಅದೇ ಮನೆಗೆ ಮತ್ತೆ ಕರೆ ಬಂತು. ಪುಟ್ಟಗೌರಮ್ಮ ನಡುಮನೆಯ ಕುರ್ಚಿಯಲ್ಲಿ ಕೂತಿದ್ದರು. ನನ್ನನ್ನು ನೋಡಿ ಯಾವ ತಮ್ಮಣ್ಣನೂ ಬರಲಿಲ್ಲ. ‘ಬಾರಪ್ಪ ಮಂಡ್ಯದೋನೆ’ ಎಂದರು.

‘ಏನು ತಿಂದ್ರಿ ಅಮ್ಮ? ಎಷ್ಟು ಗಂಟೆಗೆ?’

‘ಎರಡು ಅಕ್ಕಿ ರೊಟ್ಟಿ. ಸೂಜಿ ಚುಚ್ಚಿದ ತಕ್ಷಣ. ಚಟ್ನಿ ಖಾರ ಆಗಿತ್ತು.’

ಅಡುಗೆಮನೆಯಿಂದ ಸುಮಾ ತಟ್ಟೆ ಎತ್ತಿ ತೋರಿಸಿ ನಕ್ಕಳು.

‘ಸ್ನಾನ?’

‘ಸ್ನಾನ ಆಮೇಲೆ ಕಣಪ್ಪ. ದೇವರಿಗೆ ಹೇಳ್ಕೊಂಡಿವ್ನಿ, ಇನ್ಮೇಲೆ ಹಿಂಗೇಯ ಅಂತ. ಒಪ್ಕೊಂಡವ್ನೆ.’ ಎಪ್ಪತ್ತು ವರ್ಷ ನಡೆಸಿಕೊಂಡು ಬಂದ ನೇಮವನ್ನು ಆಕೆ ಎರಡು ವಾರದಲ್ಲಿ ಬದಲಿಸಿದ್ದರು. ಅವರೇ ಮುಂದುವರಿದು, ‘ನಿಂದು ತಿಂಡಿ ಆಯ್ತಾ?’ ಎಂದರು.

‘ಆಯ್ತಮ್ಮ.’

‘ಏನ್ ತಿಂದೆ?’

ಬೆಳಿಗ್ಗೆ ಐದರಿಂದ ಬರೀ ಕಾಫಿಯಲ್ಲಿದ್ದೆ. ಬಗ್ಗಿ ಸ್ಟ್ರೆಚರಿನ ಬೆಲ್ಟ್ ಸರಿಮಾಡತೊಡಗಿದೆ.

‘ನೋಡ್ದಾ’ ಎಂದು ಪುಟ್ಟಗೌರಮ್ಮ ಸೊಸೆಯ ಕಡೆ ತಿರುಗಿದರು. ‘ಎರಡು ರೊಟ್ಟಿ ಹಾಕ್ಕೊಡವ್ವ. ಆಯಮ್ಮಂಗೂ ಕೊಡು. ತಿಂದೇ ಹೊರಡ್ಲಿ.’

ಡೊಲೊರೆಸ್ ನನ್ನ ಮುಖ ನೋಡಿ, ‘ಏನಂತೆ?’ ಎಂದು ಕೇಳಿದರು. ಒಂದು ಮಾತೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ನಗುತ್ತಲೇ ಡೈನಿಂಗ್ ಟೇಬಲ್ಲಿನ ಹತ್ತಿರ ಹೋದರು, ರೊಟ್ಟಿಯ ತಟ್ಟೆ ಪಕ್ಕಕ್ಕೆ ಸರಿಸಿದರು, ಫೈಲಿನಿಂದ ನನ್ನ ಹಾಳೆ ತೆಗೆದು ಸಹಿ ಹಾಕಿದರು. ನಾನು ನಿಂತುಕೊಂಡೇ ರೊಟ್ಟಿ ತಿಂದೆ. ಅಷ್ಟು ರುಚಿಯ ತಿಂಡಿಯನ್ನು ಆಮೇಲೆ ತಿಂದಿಲ್ಲ.

ಮಧ್ಯಾಹ್ನವೇ ಕೌಂಟಿ ಕಚೇರಿಗೆ ಓಡಿದೆ. ಕೌಂಟರಿನಲ್ಲಿ ಅದೇ ಹೆಂಗಸು. ‘ಮೂವರೂ ಬಂದ್ರಾ?’ ಎಂದು ಹಾಳೆ ತೆಗೆದುಕೊಂಡು ಬೆಳಕಿಗೆ ಹಿಡಿದರು. ಡೊಲೊರೆಸ್‌ರ ಸಹಿಯ ಪಕ್ಕದಲ್ಲಿ ಎಣ್ಣೆಯ ಕಲೆ ದುಂಡಗೆ ಹರಡಿತ್ತು.

‘ಇದೇನಿದು?’ ಎಂದು ಕೇಳಿದರು.

‘ಅಕ್ಕಿ ರೊಟ್ಟಿ’ ಎಂದೆ. ‘ಎರಡು. ಬೆಳಿಗ್ಗೆ ಒಂಬತ್ತೂವರೆಗೆ.’